ಇರಿಡಿಯಂ ಪ್ಲಗ್ ಹಾಕಿದರೆ ಪಿಕಪ್ ಜಾಸ್ತಿ ಆಗುತ್ತಾ?

ಪ್ರಶ್ನೆ: ನನ್ನದು 2013ರ ಪೆಟ್ರೋಲ್ ಕಾರು. 62,000 ಕಿ.ಮೀ. ಓಡಿದೆ, ಸ್ಪಾರ್ಕ್ ಪ್ಲಗ್ (ಎಂಜಿನ್‌ನಲ್ಲಿ ಪೆಟ್ರೋಲ್ ಹೊತ್ತಿಸಲು ಕಿಡಿ ಹಾರಿಸುವ ಭಾಗ) ಒಮ್ಮೆಯೂ ಬದಲಿಸಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತದೆ. ತುದಿಗೆ ಇರಿಡಿಯಂ ಅನ್ನೋ ಗಟ್ಟಿ ಲೋಹ ಇರುವ ಪ್ಲಗ್ ಹಾಕಿಸಲಾ, ಇಲ್ಲ ಸುಮ್ನೆ ದುಡ್ಡು ದಂಡವಾ?

ಉತ್ತರ: ನಾನು ಹೋದ ವರ್ಷ ಹಾಕಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಿನ ನಡುಕ ನಿಂತಿತು. ಆದರೆ ಅದು ಇರಿಡಿಯಂ ಮಹಿಮೆಯಲ್ಲ, ಹೊಸ ಪ್ಲಗ್‌ನದು. ಹಳೆಯದರ ತುದಿ ಸವೆದು ಗ್ಯಾಪ್ ಅಗಲವಾಗಿತ್ತು. ಆಗ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು, ಏರು ಹತ್ತುವಾಗ ಮಿಸ್‌ಫೈರ್ ಆಗುತ್ತದೆ, ಅಂದ್ರೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಇರಿಡಿಯಂ ಸವೆಯುವುದು ನಿಧಾನ, ಅದಕ್ಕೇ ಜಾಸ್ತಿ ದಿನ ಬಾಳುತ್ತದೆ. ಪವರ್ ಏನೂ ಏರುವುದಿಲ್ಲ.

ಇನ್ನೊಂದು ಉತ್ತರ: ಪ್ಲಗ್‌ನ ಹೀಟ್ ರೇಂಜ್ (ಅದು ಎಷ್ಟು ಬೇಗ ಬಿಸಿ ಹೊರಬಿಡುತ್ತದೆ ಅನ್ನೋ ಅಳತೆ) ಮ್ಯಾನ್ಯುಯಲ್‌ನಲ್ಲಿ ಇದ್ದದ್ದೇ ಇರಲಿ. ಏರ್ ಫಿಲ್ಟರ್ ನೋಡಿದ್ರಾ?

ಪ್ರಶ್ನೆ ಕೇಳಿದವರು: ಇವತ್ತು ಬಿಚ್ಚಿಸಿದೆ ಅಣ್ಣ. ಪ್ಲಗ್ ಸವೆದಿತ್ತು ನಿಜ. ಫಿಲ್ಟರ್ ಒಳಗೆ ಇಲಿ ಗೂಡು ಕಟ್ಟಿತ್ತು!