ಮ್ಯಾಗ್ನೆಟ್ ಬೀಗದ ಪಜಲ್ ಪೆಟ್ಟಿಗೆ: ಪಿನ್ ಮೇಲಕ್ಕೇ ಏಳ್ತಿಲ್ಲ

ಪ್ರಶ್ನೆ
ಡ್ರಾಯರ್ ಇರೋ ಮರದ ಪಜಲ್ ಪೆಟ್ಟಿಗೆ (ಗುಟ್ಟು ಗೊತ್ತಿದ್ದರಷ್ಟೇ ತೆರೆಯೋದು). ಮೇಲಿನ ಹಲಗೆ 18 ಮಿಮೀ ದಪ್ಪ. ಕೆಳಗಿನಿಂದ 12 ಮಿಮೀ ಆಳದ ತೂತು, ಅದರಲ್ಲಿ 4 ಮಿಮೀ ದಪ್ಪ, 10 ಮಿಮೀ ಉದ್ದದ ಕಬ್ಬಿಣದ ಪಿನ್. ಪಿನ್ 5 ಮಿಮೀ ಡ್ರಾಯರ್‌ನೊಳಗೆ ಇಳಿದರೆ ಬೀಗ. ಹಲಗೆ ಮೇಲೆ 10 ಮಿಮೀ ಅಗಲ, 3 ಮಿಮೀ ದಪ್ಪದ ಎನ್35 ದರ್ಜೆಯ ನಿಯೋಡಿಮಿಯಮ್ ಮ್ಯಾಗ್ನೆಟ್ ಬಿಲ್ಲೆ ಇಟ್ಟರೂ ಪಿನ್ ಮಿಸುಕಲ್ಲ. ಇನ್ನೂ ಶಕ್ತಿಯ ದರ್ಜೆ ಎನ್52 ತಗೊಳ್ಳಲಾ?

ಉತ್ತರ 1
ಬೇಡ. ಎನ್52ರಿಂದ ಸೆಳೆತ ಹೆಚ್ಚೆಂದರೆ ಒಂದೂವರೆ ಪಟ್ಟಾಗುತ್ತೆ. ತೊಂದರೆ ಇರೋದು ದೂರದಲ್ಲಿ. ಮ್ಯಾಗ್ನೆಟ್‌ಗೂ ಪಿನ್‌ಗೂ ನಡುವೆ 6 ಮಿಮೀ ಮರ ಮಾತ್ರ ಇದೆ ಅಂದ್ಕೊಂಡಿದೀರಿ. ಇಳಿದು ಕೂತ ಪಿನ್ನಿನ ತಲೆಯ ಮೇಲೆ ಇನ್ನೂ 7 ಮಿಮೀ ಖಾಲಿ ತೂತಿದೆ, ಒಟ್ಟು 13. ಬರೀ ತೂತು ಆಳ ಮಾಡಿದರೂ ಈ 13 ಹಾಗೇ ಉಳಿಯುತ್ತೆ. ಪಿನ್ 15 ಮಿಮೀ ಮಾಡಿ, ತೂತು 16, ಡ್ರಾಯರ್‌ಗೆ ಇಳಿಯೋದು 3 ಸಾಕು. ಆಗ ದೂರ 6 ಮಿಮೀ. ಇದೇ ಬಿಲ್ಲೆ ಟಕ್ಕಂತ ಎತ್ತುತ್ತೆ.

ಪಿನ್‌ಗೆ ಮೈಲ್ಡ್ ಸ್ಟೀಲ್ ಮೊಳೆ ಕತ್ತರಿಸಿ, ತುದಿ ಉಜ್ಜಿ ದುಂಡಗೆ ಮಾಡಿ. 304 ಸ್ಟೇನ್‌ಲೆಸ್ ಆಗಲ್ಲ, ಮ್ಯಾಗ್ನೆಟ್‌ಗೆ ಹೆಚ್ಚುಕಮ್ಮಿ ಅಂಟೋದೇ ಇಲ್ಲ. ತೂತಿನ ಅಗಲ 4.5 ಮಿಮೀ ಇರಲಿ. ಮಳೆಗಾಲದಲ್ಲಿ ಮರ ಉಬ್ಬಿದರೆ 4.1 ಹಿಡಿದುಬಿಡುತ್ತೆ. ಎಣ್ಣೆ ಹಾಕಬೇಡಿ, ಧೂಳು ಕಟ್ಟುತ್ತೆ. ಪೆನ್ಸಿಲ್ ಸೀಸದ ಪುಡಿ ಸಾಕು.

ಉತ್ತರ 2
ಎತ್ತೋದೇನೋ ಎತ್ತುತ್ತೆ. ಆದರೆ ಪೆಟ್ಟಿಗೆ ಬೋರಲು ಹಾಕಿದರೆ ಪಿನ್ ತಾನೇ ಜಾರಿ ಬೀಗ ಬಿಚ್ಚುತ್ತಲ್ಲ? ಬಿಡಿಸೋಕೆ ಕೂತವರು ಮೊದಲು ಮಾಡೋದೇ ಅದು. ಕೆಳಗಿನ ಹಲಗೆಯಲ್ಲೂ ಇಂಥದೇ ಪಿನ್ ಇಡಿ: ನೆಟ್ಟಗಿದ್ದಾಗ ಅದು ಹಲಗೆಯೊಳಗೆ, ಬೋರಲಾದಾಗ ಡ್ರಾಯರ್‌ಗೆ.

ಕೇಳಿದವರು
ಎರಡು ಪಿನ್ ಇಟ್ಟು, ಪೆಟ್ಟಿಗೆ ಮಲಗಿಸಿ ಮೇಜಿನ ಮೇಲೆ ಗಿರ್ರನೆ ತಿರುಗಿಸಿದರೆ?

ಉತ್ತರ 2
ಎರಡೂ ಹೊರಕ್ಕೆ ಸರಿದು ಬೀಗ ಬಿಚ್ಚಿಕೊಳ್ಳುತ್ತೆ. ಅದನ್ನು ತಡೆಯೋಕೆ, ಮೇಲಿನ ಪಿನ್ ಇಳಿಯೋ ಕುಳಿಯ ತಳದಲ್ಲಿ 3×1 ಮಿಮೀ ಪುಟ್ಟ ಮ್ಯಾಗ್ನೆಟ್ ಹೂತಿಡಿ. ಪಿನ್ ಅದಕ್ಕೆ ನೇರ ತಾಗಿದರೆ ಹೊರಗಿನ ಬಿಲ್ಲೆ ಸೋಲುತ್ತೆ. ನಡುವೆ ವಿನಿಯರ್ (ತೆಳ್ಳನೆ ಮರದ ಹಾಳೆ) ಚೂರು ಹಾಕಿ, ಹೊರಗಿನದು ಗೆಲ್ಲೋವರೆಗೂ ಒಂದೊಂದೇ ಪದರ ಏರಿಸಿ.

ಉತ್ತರ 3
ಮ್ಯಾಗ್ನೆಟ್ ಅಂಟಿಸೋಕೆ ಹಾಟ್ ಗ್ಲೂ ಬೇಡ: ಸಾಮಾನ್ಯ ದರ್ಜೆಯವು 80 ಡಿಗ್ರಿ ದಾಟಿದರೆ ಶಕ್ತಿ ಕಳ್ಕೊಳ್ತವೆ. ನಿಕಲ್ ಲೇಪನವನ್ನು ಮರಳುಕಾಗದದಲ್ಲಿ ಸ್ವಲ್ಪ ಕೆರೆದು ಎರಡು ಟ್ಯೂಬಿನ ಎಪಾಕ್ಸಿ ಅಂಟು ಹಚ್ಚಿ. ಕೀಲಿಯಾಗಿ ಬಳಸೋ ಹೊರಗಿನ ಬಿಲ್ಲೆಯನ್ನೂ ಮರದ ಹಿಡಿಯೊಳಗೆ ಪೂರ್ತಿ ಮುಚ್ಚಿ. ಮಕ್ಕಳು ಇಂಥ ಎರಡು ನುಂಗಿದರೆ ಕರುಳಿನ ಪದರಗಳನ್ನು ನಡುವೆ ಸಿಕ್ಕಿಸಿಕೊಂಡು ತೂತು ಮಾಡ್ತವೆ. ಒಂದೇ ಆದರೂ ನುಂಗಿದ ಅನುಮಾನ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.