ಎರಡು ಸಿಗ್ನಲ್ ಸೇರಿ ಸೊನ್ನೆಯಾದರೆ ವಾಟ್‌ಗಳು ಎಲ್ಲಿಗೆ ಹೋದವು?

ಪ್ರಶ್ನೆ: 145 ಮೆಗಾಹರ್ಟ್ಸ್‌ನಲ್ಲಿ ತಲಾ 10 ವಾಟ್‌ನ ಎರಡು ಆಂಪ್ಲಿಫೈಯರ್‌ಗಳನ್ನು ಒಂದೇ ಆಂಟೆನಾಗೆ ಸೇರಿಸಬೇಕೆಂದಿದ್ದೇನೆ. ಫೇಸ್ (ಅಲೆಗಳ ಏರಿಳಿತದ ಹೆಜ್ಜೆ) ಹೊಂದಿದರೆ ವೋಲ್ಟೇಜ್ ಇಮ್ಮಡಿ, ಶಕ್ತಿ ಅದರ ವರ್ಗದಂತೆ ನಾಲ್ಕು ಪಟ್ಟು, ಅಂದರೆ 40 ವಾಟ್. ತಿರುಗಿಬಿದ್ದರೆ ಸೊನ್ನೆ. ಹಾಗಾದರೆ ಶಕ್ತಿ ಹುಟ್ಟುತ್ತದೆಯೇ, ಸಾಯುತ್ತದೆಯೇ? ಕಟ್ಟಿ ನೋಡಿದವರು ಹೇಳಿ.

— 40ರ ಆಸೆ ಬಿಡಿ, ನಾನೂ ಅದೇ ಲೆಕ್ಕ ಹಾಕಿ ಕೂತಿದ್ದೆ. ವಿಲ್ಕಿನ್ಸನ್ ಕಂಬೈನರ್ (ಎರಡು ಸಿಗ್ನಲ್‌ಗಳನ್ನು ಒಂದೇ ದಾರಿಗೆ ಸೇರಿಸುವ ಸರ್ಕ್ಯೂಟ್) ಕಟ್ಟಿ ಅಳೆದರೆ ಸಿಕ್ಕಿದ್ದು 19 ಚಿಲ್ಲರೆ. ಅದರಲ್ಲಿ ವೋಲ್ಟೇಜ್ ಏರುವುದು 1.41 ಪಟ್ಟು ಮಾತ್ರ, ಅದರ ವರ್ಗ 2. ಮಜಾ ಇರುವುದು ಉಲ್ಟಾ ಆದಾಗ. ಒಮ್ಮೆ ಒಂದು ಕಡೆಯ ಕೇಬಲ್ ಅರ್ಧ ಅಲೆಯುದ್ದದಷ್ಟು ಹೆಚ್ಚಾಗಿಬಿಟ್ಟಿತ್ತು. ಆಂಟೆನಾ ಕಡೆಯ ಮೀಟರ್ ಮುಳ್ಳು ಅಲ್ಲಾಡಲಿಲ್ಲ. ಎರಡು ಒಳದಾರಿಗಳ ನಡುವೆ ಕೂರಿಸಿದ್ದ 100 ಓಮ್ ರೆಸಿಸ್ಟರ್ ಮಾತ್ರ ಹೊಗೆಯಾಡಿತು. ಅರ್ಧ ವಾಟ್‌ನ ಬಡಪಾಯಿ ಅದು! ಕಾಣೆಯಾದ 20 ವಾಟ್ ಮೊದಲು ಸಿಕ್ಕಿದ್ದು ಮೂಗಿಗೆ. ಕೇಬಲ್ ಕತ್ತರಿಸುವಾಗ ನೆನಪಿರಲಿ: ಗಾಳಿಯಲ್ಲಿ ಅಲೆಯುದ್ದ 2.07 ಮೀಟರ್ ಇದ್ದರೂ ಸಾಮಾನ್ಯ ಪಾಲಿಎಥಿಲೀನ್ ಕೋಆಕ್ಸ್ (ನಡುತಂತಿಯ ಸುತ್ತ ಪ್ಲಾಸ್ಟಿಕ್, ಅದರ ಮೇಲೆ ಲೋಹದ ಜಾಲರಿ ಇರುವ ಕೇಬಲ್) ಒಳಗೆ ಅದು 0.66 ಪಟ್ಟಿಗೆ ಕುಗ್ಗುತ್ತದೆ. ಬರೀ 68 ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಫೇಸ್ ಪೂರ್ತಿ ತಲೆಕೆಳಗು.

— ನಾನು ಗಾಳಿಯಲ್ಲೇ ಸೇರಿಸಿ ನೋಡಿದೆ: ಎರಡು ಆಂಟೆನಾ, ನಡುವೆ ಹತ್ತು ಮೀಟರ್. ನಟ್ಟನಡುವೆ ಎದುರು ನಿಂತರೆ ಒಂದರದ್ದಕ್ಕಿಂತ ನಾಲ್ಕು ಪಟ್ಟು, ಅಂದರೆ 6 ಡಿಬಿ ಹೆಚ್ಚು. ರಿಸೀವರ್ ಹಿಡಿದು ಅಡ್ಡಕ್ಕೆ ನಡೆದರೆ ಸಿಗ್ನಲ್ ಸಾಯುತ್ತದೆ, ಮತ್ತೆ ಏಳುತ್ತದೆ. ಇಲ್ಲಿ ತಗ್ಗಿದ್ದು ಅಲ್ಲಿ ಉಬ್ಬಿರುತ್ತದೆ. ಸುತ್ತಲೂ ಕೂಡಿಸಿದರೆ ಅದೇ 20.

— ಮೇಲಿನ ಮಾತು ದೂರ ಇದ್ದಾಗ ಸರಿ. ಎರಡನ್ನೂ ಗೇಣಿನಷ್ಟು ಹತ್ತಿರ ನಿಲ್ಲಿಸಿ ವಿರುದ್ಧ ಫೇಸ್ ಕೊಟ್ಟರೆ ಎಲ್ಲ ದಿಕ್ಕಿಗೂ ತಗ್ಗೇ, ಉಬ್ಬಲು ಜಾಗವೇ ಇಲ್ಲ. ಆಗ ಒಂದರ ಅಲೆ ಇನ್ನೊಂದರಲ್ಲಿ ಎದುರು ವೋಲ್ಟೇಜ್ ಹುಟ್ಟಿಸಿ ವಿಕಿರಣ ರೋಧವನ್ನೇ (ಅಲೆಯಾಗಿ ಹೊರಡುವ ಶಕ್ತಿಯ ಲೆಕ್ಕಕ್ಕೆ ಆಂಟೆನಾ ತೋರುವ ರೋಧ) ಸೊನ್ನೆಯ ಹತ್ತಿರಕ್ಕೆ ಇಳಿಸುತ್ತದೆ. ಶಕ್ತಿ ಹೊರಡುವುದೇ ಇಲ್ಲ, ಬಹುಪಾಲು ಕೇಬಲ್‌ನಲ್ಲೇ ವಾಪಸ್. ಒಂದೇ ಫೇಸ್ ಆದರೆ ರೋಧ ಹೆಚ್ಚೂಕಡಿಮೆ ಇಮ್ಮಡಿ, ಅದೇ ಕರೆಂಟ್ ತಳ್ಳಲು ಟ್ರಾನ್ಸ್‌ಮಿಟರ್ ಎರಡರಷ್ಟು ದುಡಿಯಬೇಕು. ನಿಮ್ಮ 40 ವಾಟ್ ಆಗ ನಿಜ, ಆದರೆ ಅದನ್ನು ತೆರುವುದು ಪವರ್ ಸಪ್ಲೈ. ಇದು ಅರ್ಥವಾಗುವ ಮೊದಲು ನಾನು ಎರಡು ಟ್ರಾನ್ಸಿಸ್ಟರ್ ಸುಟ್ಟಿದ್ದೇನೆ.

— ವಿಲ್ಕಿನ್ಸನ್ ಕಟ್ಟುವುದಾದರೆ ಎರಡೂ ಆಂಪ್ಲಿಫೈಯರ್‌ಗೆ ಒಂದೇ ಆಸಿಲೇಟರ್‌ನಿಂದ (ಮೂಲ ಅಲೆ ಹುಟ್ಟಿಸುವ ಸರ್ಕ್ಯೂಟ್) ಡ್ರೈವ್ ಕೊಡಿ. ಬೇರೆ ಬೇರೆ ಆವರ್ತನವಾದರೆ ಸರಾಸರಿ ಅರ್ಧ ಶಕ್ತಿ ಆ 100 ಓಮ್ ರೆಸಿಸ್ಟರ್‌ಗೇ. ಅದನ್ನು 20 ವಾಟ್ ತಡೆಯುವಂಥದ್ದೇ ಹಾಕಿ, ಹೀಟ್‌ಸಿಂಕ್ ಸಮೇತ. ಒಂದು ಆಂಪ್ಲಿಫೈಯರ್ ಕೆಟ್ಟರೂ 10 ವಾಟ್ ಉಳಿಯುತ್ತದೆ ಅಂದುಕೊಳ್ಳಬೇಡಿ: ಆಂಟೆನಾಗೆ 5, ರೆಸಿಸ್ಟರ್‌ಗೆ 5.