ಅಜ್ಜನ ತೊಟ್ಟಿ ಮನೆಯ ತ್ರೀಡಿ ಮಾದರಿ: ಮಾಡಿದವರು ಅನುಭವ ಹೇಳಿ

ಪ್ರಶ್ನೆ: ಮಲೆನಾಡಿನಲ್ಲಿರುವ ನಮ್ಮ ಅಜ್ಜನ ತೊಟ್ಟಿ ಮನೆಯನ್ನು ಬೇಸಿಗೆಯಲ್ಲಿ ಕೆಡವುತ್ತಿದ್ದಾರೆ. ಅಷ್ಟರೊಳಗೆ ಅದನ್ನು ಕಂಪ್ಯೂಟರಿನಲ್ಲಿ ಕಟ್ಟಿಟ್ಟುಕೊಳ್ಳುವ ಆಸೆ. ಡ್ರಾಯಿಂಗ್ ಗೊತ್ತಿಲ್ಲ. ಯಾವ ಸಾಫ್ಟ್‌ವೇರ್ ಕಲಿಯಲಿ?

ಉತ್ತರ 1
ಸಾಫ್ಟ್‌ವೇರ್ ಆಮೇಲೂ ಕಲಿಯಬಹುದು, ಮನೆ ಕಾಯುವುದಿಲ್ಲ. ಮೊದಲು ಟೇಪು ಹಿಡಿದು ಊರಿಗೆ ಹೋಗಿ.

ನಮ್ಮ ದೊಡ್ಡಪ್ಪನ ಮನೆಗೆ ನಾನು ಬರೀ ಉದ್ದ, ಅಗಲ ಬರೆದುಕೊಂಡು ಬಂದಿದ್ದೆ. ಕಟ್ಟುತ್ತಾ ಹೋದರೆ ಕೊನೆಯ ಕೋಣೆ ನಡುಮನೆಗೆ ಸೇರಲೇ ಇಲ್ಲ. 4 ಇಂಚು ಸಂದು! ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಹಳೇ ಮಣ್ಣಿನ ಗೋಡೆಗಳು ಮೂಲೆಮಟ್ಟಕ್ಕೆ, ಅಂದರೆ ಸರಿಯಾದ ಲಂಬಕೋನಕ್ಕೆ, ಇರಲಿಲ್ಲ. ಹಾಗಾಗಿ ಪ್ರತಿ ಕೋಣೆಯಲ್ಲೂ ಮೂಲೆಯಿಂದ ಎದುರು ಮೂಲೆಗೆ ಎರಡು ಅಳತೆ ತೆಗೆದುಕೊಳ್ಳಿ. 12 ಅಡಿಗೆ 10 ಅಡಿಯ ಕೋಣೆ ಸರಿಯಾಗಿದ್ದರೆ ಎರಡೂ 15 ಅಡಿ ಏಳೂವರೆ ಇಂಚಿನ ಹತ್ತಿರ ಬರಬೇಕು. ಒಂದು ಜಾಸ್ತಿ, ಒಂದು ಕಮ್ಮಿ ಬಂದರೆ ಕೋಣೆ ಸೊಟ್ಟ. ಸೊಟ್ಟ ಇದ್ದದ್ದನ್ನು ಸೊಟ್ಟವಾಗಿಯೇ ಕಟ್ಟಿ. ಅಜ್ಜನ ಮನೆ ಇದ್ದದ್ದೇ ಹಾಗೆ, ಅಲ್ವಾ?

ಗೋಡೆಯ ದಪ್ಪವನ್ನು ಬಾಗಿಲು, ಕಿಟಕಿಯ ಹತ್ತಿರ ಅಳೆಯಿರಿ. ಈಗಿನ 9 ಇಂಚಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಮ್ಮದರಲ್ಲಿ ಕೆಲವು ಕಡೆ ಒಂದೂವರೆ ಅಡಿ ಇತ್ತು.

ಕಲಿಯಲು ಸ್ಕೆಚಪ್ ಸುಲಭ. ಬ್ರೌಸರಿನಲ್ಲೇ ನಡೆಯುವ ಉಚಿತ ಆವೃತ್ತಿ ಸಾಕು. ಶುರುವಿನಲ್ಲೇ ಅಡಿ-ಇಂಚು ಆರಿಸಿಕೊಳ್ಳಿ. ನೆಲದ ಮೇಲೆ ಆಯತ ಎಳೆದು, ಅಳತೆ ಟೈಪ್ ಮಾಡಿ ಎಂಟರ್ ಒತ್ತಿ, ಪುಶ್-ಪುಲ್ ಅನ್ನೋ ಟೂಲ್‌ನಿಂದ ಮೇಲಕ್ಕೆ ಎಳೆದರೆ ಗೋಡೆ ಎದ್ದು ನಿಲ್ಲುತ್ತದೆ. ತಕ್ಷಣ ಅದನ್ನು ಗ್ರೂಪ್ ಮಾಡಿ, ಅಂದರೆ ಬೇರೆಯದೇ ಒಂದು ತುಂಡಾಗಿಸಿ. ಮರೆತರೆ ಪಕ್ಕದ ಗೋಡೆಗೆ ಅಂಟಿಕೊಳ್ಳುತ್ತದೆ, ಒಂದನ್ನು ಸರಿಸಿದರೆ ಇನ್ನೊಂದೂ ಜಗ್ಗಿಕೊಂಡು ಬರುತ್ತದೆ. ತೊಟ್ಟಿಯ ಸುತ್ತಲಿನ ಕಂಬಗಳಲ್ಲಿ ಒಂದನ್ನು ಮಾತ್ರ ಮಾಡಿ, ಕಾಂಪೊನೆಂಟ್ ಆಗಿಸಿ ಕಾಪಿ ಮಾಡಿ. ಆಮೇಲೆ ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ.

ಉತ್ತರ 2
ಕೆತ್ತನೆ ಇರುವ ಬಾಗಿಲು, ಕಂಬದ ತಲೆಯ ಮೇಲಿನ ಬೋದಿಗೆಗಳನ್ನು ಕೈಯಲ್ಲಿ ಮಾಡಲು ಹೋಗಬೇಡಿ. ಒಂದು ಫೋಟೋದಲ್ಲಿ ಕಂಡದ್ದರ ಅರ್ಧಕ್ಕಿಂತ ಜಾಸ್ತಿ ಮುಂದಿನದರಲ್ಲೂ ಕಾಣುವಂತೆ ಸುತ್ತಲೂ ಫೋಟೋ ತೆಗೆಯಿರಿ. ಮೆಶ್‌ರೂಮ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಫೋಟೋಗಳಿಂದಲೇ ಆಕಾರ ಕಟ್ಟುತ್ತದೆ. ಮೋಡ ಮುಸುಕಿದ ಬೆಳಕು ಒಳ್ಳೆಯದು. ಆದರೆ ಸುಣ್ಣ ಬಳಿದ ಗೋಡೆಗೆ ಇದು ಆಗುವುದಿಲ್ಲ. ಎಲ್ಲ ಒಂದೇ ಬಿಳುಪಾದರೆ ಗುರುತು ಹಿಡಿಯಲು ಅದಕ್ಕೆ ಏನೂ ಸಿಗುವುದಿಲ್ಲ, ಮಾದರಿಯಲ್ಲಿ ತೂತು ಬೀಳುತ್ತದೆ. ಗೋಡೆಗೆ ಟೇಪೇ ಸರಿ.

ಉತ್ತರ 3
ಹೆಂಚು ಇಳಿಸುವ ದಿನ ದಯವಿಟ್ಟು ಅಲ್ಲೇ ಇರಿ. ನಾನು ರಜೆ ಸಿಗಲಿಲ್ಲ ಅಂತ ಹೋಗಲಿಲ್ಲ, ಅದು ಇವತ್ತಿಗೂ ಕೊರೆಯುತ್ತದೆ. ನನ್ನ ಮಾದರಿಯಲ್ಲಿ ಗೋಡೆಗಳೆಲ್ಲ ಇವೆ, ಮಾಡು (ಚಾವಣಿ) ಮಾತ್ರ ಸುಮ್ನೆ ಊಹೆ. ತೊಟ್ಟಿ ಮನೆಯಲ್ಲಿ ನಾಲ್ಕು ಕಡೆಯ ಮಾಡುಗಳು ಒಳಕ್ಕೆ ಇಳಿಯುತ್ತವೆ. ಅವು ಮೂಲೆಯಲ್ಲಿ ಹೇಗೆ ಕೂಡಿವೆ, ಜಂತೆಯಿಂದ ಜಂತೆಗೆ ಎಷ್ಟು ದೂರ, ತೊಲೆಗೆ ಎಲ್ಲಿ ಕಚ್ಚು ಹಾಕಿದ್ದಾರೆ, ಇದೆಲ್ಲ ಹೆಂಚು ತೆಗೆದ ಮೇಲೆಯೇ ಸರಿಯಾಗಿ ಕಾಣುವುದು. ಕೆಲಸದವರನ್ನು ಒಂದು ಗಂಟೆ ತಡೆಯಿರಿ. ಮಾಡಿನ ಮರಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಏಣಿ ಹತ್ತಿ ಫೋಟೋ ತೆಗೆದುಕೊಂಡು, ಆಮೇಲೆ ಇಳಿಸಲು ಹೇಳಿ.